ಅರ್ಧ ಕಟ್ಟಿದ ಕೋಣೆ ಕಾಯುತ್ತದೆ, ಅರ್ಧ ಬಿಚ್ಚಿದ ಬೋಟು ಕಾಯುವುದಿಲ್ಲ

ಪ್ರಶ್ನೆ: ಸುಮಾರು 16 ಅಡಿ ಉದ್ದದ, ನಲವತ್ತು ವರ್ಷ ಹಳೆಯ ಫೈಬರ್‌ಗ್ಲಾಸ್ ಮೋಟಾರ್ ಬೋಟೊಂದು ಟ್ರೇಲರ್ ಸಮೇತ ಸಿಕ್ಕಿದೆ. ಹಿಂದೆ ಎರಡು ಸ್ಟ್ರೋಕಿನ ಔಟ್‌ಬೋರ್ಡ್ ಎಂಜಿನ್ ಇದೆ, ಓಡುತ್ತದೋ ಇಲ್ಲವೋ ಗೊತ್ತಿಲ್ಲ. ನೆಲ ಒಂದೆರಡು ಕಡೆ ಕಾಲಿಟ್ಟರೆ ತಗ್ಗುತ್ತದೆ. ಇದೇ ಹೊತ್ತಿಗೆ ಮನೆಗೆ ಒಂದು ಕೋಣೆ, ಹಿತ್ತಲಲ್ಲಿ ಒಂದು ಶೆಡ್ ಕಟ್ಟಿಸುತ್ತಿದ್ದೇನೆ. ಗಾರೆ ಕೆಲಸ ಬಿಟ್ಟು ಉಳಿದದ್ದೆಲ್ಲ ನನ್ನದೇ, ಅದೂ ವಾರದ ಕೊನೆಯಲ್ಲಿ ಮಾತ್ರ. ಯಾವುದನ್ನು ಮೊದಲು ಹಿಡಿಯಲಿ? ಮನೆ ಕೆಲಸದಲ್ಲಿ ಉಳಿದ ಪ್ಲೈವುಡ್, ಸ್ಕ್ರೂ, ವೈರು ಬೋಟಿಗೆ ಆಗುತ್ತದೆಯೇ? ಹದಿನಾಲ್ಕು ವರ್ಷದ ಮಗ ತಾನೂ ಕೈ ಹಾಕುತ್ತೇನೆ ಎನ್ನುತ್ತಾನೆ, ಅವನಿಗೆ ಏನು ಕೊಡಲಿ?

ಉತ್ತರ: ಎರಡನ್ನೂ ಜೊತೆಗೇ ನಡೆಸಬಹುದು. ಆದರೆ ಮನೆ ಮೊದಲೋ ಬೋಟು ಮೊದಲೋ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಯಾವ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋದರೂ ನಡೆಯುತ್ತದೆ, ಯಾವುದನ್ನು ಬಿಟ್ಟರೆ ಕೆಡುತ್ತದೆ ಎಂದು ಕೇಳಿಕೊಳ್ಳಿ. ಪ್ಲಾಸ್ಟರ್ ಆಗದ ಗೋಡೆ ಆರು ತಿಂಗಳು ಹಾಗೇ ನಿಂತರೂ ಗೋಡೆಯೇ. ನೆಲ ಕಿತ್ತು, ಒಳಗಿನ ತೊಲೆ ತೆಗೆದು, ಮೇಲೊಂದು ಟಾರ್ಪಾಲು ಎಸೆದು ಆರು ತಿಂಗಳು ಬಿಟ್ಟ ಬೋಟು ಮಾತ್ರ ಬೋಟಾಗಿ ಉಳಿಯುವುದಿಲ್ಲ. ಅದರ ತಳವೇ ಆಕಾರ ಬಿಟ್ಟಿರುತ್ತದೆ. ಅರ್ಧ ಕೆಲಸವಾಗಿದೆ ಎಂದು ಮಾರಾಟಕ್ಕೆ ಬರುವ ಹಳೆಯ ಬೋಟುಗಳನ್ನು ಸ್ವಲ್ಪ ಗಮನಿಸಿ ನೋಡಿ. ನೆಲ ಕಿತ್ತಿರುತ್ತದೆ, ಎಂಜಿನ್ ಬಿಚ್ಚಿ ಡಬ್ಬಿಗಳಲ್ಲಿ ತುಂಬಿರುತ್ತದೆ, ಯಾವ ಬೋಲ್ಟು ಎಲ್ಲಿಯದು ಎಂದು ಯಾರಿಗೂ ನೆನಪಿರುವುದಿಲ್ಲ. ಅವರಿಗೆ ಉತ್ಸಾಹವೇನೂ ಕಡಿಮೆ ಇರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರು, ಅಷ್ಟೇ.

ಹಾಗಾಗಿ ಆರಂಭದಲ್ಲಿ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ. ಹಿಂಬದಿಯ ತಳದಲ್ಲಿರುವ ಬಿರಡೆ ತೆಗೆದು, ಟ್ರೇಲರಿನ ಮೂತಿ ಎತ್ತಿ, ಒಳಗಿನ ನೀರೆಲ್ಲ ಹರಿದುಹೋಗಲು ಬಿಡಿ. ಬಿರಡೆ ವಾಪಸ್ ಹಾಕುವುದು ಬೋಟು ನೀರಿಗಿಳಿಯುವ ದಿನ. ಮೇಲಿನ ಹೊದಿಕೆಗೆ ಉದ್ದಕ್ಕೊಂದು ಕೋಲು ಕೊಟ್ಟು ಇಳಿಜಾರು ಮಾಡಿ. ಎರಡೂ ತುದಿಯಲ್ಲಿ ಗಾಳಿ ಆಡುವಂತಿರಲಿ. ಬಿಗಿಯಾಗಿ ಸುತ್ತಿದ ಟಾರ್ಪಾಲು ಮಳೆಯನ್ನು ತಡೆಯುತ್ತದೆ, ಆದರೆ ಒಳಗಿನ ತೇವವನ್ನು ಒಳಗೇ ಕೂರಿಸಿ ಮರವನ್ನು ಕೊಳೆಸುತ್ತದೆ. ಹೊದಿಕೆಯೇ ಇಲ್ಲದಿದ್ದರೆ? ನಿಮ್ಮ ಬೋಟಿನ ತೆರೆದ ಭಾಗ 8 ಚದರ ಮೀಟರ್ ಎಂದಿಟ್ಟುಕೊಳ್ಳಿ. 100 ಮಿ.ಮೀ. ಮಳೆ ಬಂದರೆ 800 ಲೀಟರ್, ಅಂದರೆ 800 ಕಿಲೋ ನೀರು. ಟ್ರೇಲರಿನ ಆ್ಯಕ್ಸಲ್ ಬಗ್ಗಲು ಅಷ್ಟು ಸಾಕು. ಸಾರುವೆಗೆ ತಂದ ಕೋಲುಗಳಲ್ಲಿ ನಾಲ್ಕನ್ನು ಬೋಟಿಗೆ ಈಗಲೇ ಎತ್ತಿಟ್ಟುಕೊಳ್ಳಿ; ಮನೆ ಕೆಲಸದಿಂದ ಬೋಟಿಗೆ ಧಾರಾಳವಾಗಿ ತರಬಹುದಾದ ಕೆಲವೇ ವಸ್ತುಗಳಲ್ಲಿ ಅದೂ ಒಂದು.

ಇನ್ನು ರೋಗ ಎಲ್ಲಿದೆ ನೋಡೋಣ. ನೆಲ ತಗ್ಗುವುದು ಕಣ್ಣಿಗೆ ಕಾಣುವ ಲಕ್ಷಣ ಮಾತ್ರ. ನಾನು ಮೊದಲು ನೋಡುವುದು ಟ್ರಾನ್ಸಮನ್ನು, ಅಂದರೆ ಎಂಜಿನ್ ನೇತಾಡುವ ಹಿಂಬದಿಯ ಗೋಡೆಯನ್ನು. ಆ ಕಾಲದ ಬಹುತೇಕ ಬೋಟುಗಳಲ್ಲಿ ಅದು ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಸೇರಿಸಿದ ಪ್ಲೈವುಡ್. ಎಂಜಿನ್ ಬೋಲ್ಟಿನ ತೂತು, ಬಿರಡೆಯ ತೂತು, ಯಾರೋ ಎಂದೋ ಹೊಡೆದ ಏಣಿಯ ಸ್ಕ್ರೂ, ಇವುಗಳಲ್ಲಿ ಒಂದರಿಂದ ನೀರು ಇಳಿದರೂ ಸಾಕು, ಮರ ಒಳಗೊಳಗೇ ಕೊಳೆಯುತ್ತದೆ. ಹೊರಗಿನ ಬಿಳಿ ಹೊಳಪು ಹಾಗೇ ಇರುತ್ತದೆ.

ಪರೀಕ್ಷೆ ಸುಲಭ. ಎಂಜಿನ್ನನ್ನು ಮೇಲಕ್ಕೆ ವಾಲಿಸಿ, ಅದರ ಕೆಳತುದಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಇನ್ನೊಬ್ಬರು ಟ್ರಾನ್ಸಮಿನ ಮೇಲಂಚನ್ನು ನೋಡುತ್ತಿರಲಿ. ಗೋಡೆ ಉಸಿರಾಡಿದಂತೆ ಹಿಂದೆ ಮುಂದೆ ಆಡಿದರೆ ಒಳಗೆ ಮರ ಉಳಿದಿಲ್ಲ ಎಂದೇ ಲೆಕ್ಕ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಅಂಗುಲ ಅಂಗುಲ ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಟಕ್ ಎನ್ನುತ್ತದೆ, ಕೊಳೆತಲ್ಲಿ ದಬ್ ಎಂದು ಸತ್ತ ಸದ್ದು ಬರುತ್ತದೆ. ಅನುಮಾನದ ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ಒಳಗಿನ ಕಡೆಯಿಂದ, ಆದಷ್ಟು ಕೆಳಗೆ, 5 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ಒಂದು ತೂತು ಕೊರೆಯಿರಿ. ಹೊರಗಿನ ಪದರ ತೂತಾಗದಂತೆ ಬಿಟ್ಟಿಗೆ ಆಳದ ಗುರುತಾಗಿ ಟೇಪು ಸುತ್ತಿರಬೇಕು. ತಿಳಿಬಣ್ಣದ ಒಣ ಹೊಟ್ಟು ಬಂದರೆ ನಿಮ್ಮ ಪುಣ್ಯ. ಕಪ್ಪಗೆ, ಒದ್ದೆಯಾಗಿ, ಹುಳಿವಾಸನೆಯ ಮುದ್ದೆ ಬಿಟ್ಟಿಗೆ ಅಂಟಿಕೊಂಡು ಬಂದರೆ ಟ್ರಾನ್ಸಮ್ ಹೊಸದಾಗಿ ಮಾಡಬೇಕು. ತೂತನ್ನು ಆಮೇಲೆ ಎಪಾಕ್ಸಿಯಿಂದ, ಅಂದರೆ ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟಿನಿಂದ, ಮುಚ್ಚಿದರಾಯಿತು. ತಳದುದ್ದಕ್ಕೂ ಹೋಗುವ ಸ್ಟ್ರಿಂಗರ್‌ಗಳಿಗೂ, ಅಂದರೆ ನೆಲದ ಕೆಳಗಿನ ತೊಲೆಗಳಿಗೂ, ಇದೇ ಪರೀಕ್ಷೆ.

ಮೂರನೆಯದು ತೂಕ. ಟ್ರೇಲರ್ ಸಮೇತ ವೇಬ್ರಿಡ್ಜಿಗೆ ಹಾಕಿಸಿ, ಬೋಟು ಇಳಿಸಿದ ಮೇಲೆ ಖಾಲಿ ಟ್ರೇಲರಿನ ತೂಕ ಕಳೆಯಿರಿ. ತಯಾರಕರು ಕೊಟ್ಟ ತೂಕಕ್ಕಿಂತ ನೂರಾರು ಕಿಲೋ ಹೆಚ್ಚಿದ್ದರೆ ನೆಲದಡಿಯ ಫೋಮ್ ನೀರು ಕುಡಿದಿದೆ. ಅದು ಬಿಸಿಲಿಗೆ ಒಣಗುವುದಿಲ್ಲ, ಅಗೆದು ತೆಗೆಯಬೇಕು. ತೆಗೆದಷ್ಟನ್ನೂ ಮತ್ತೆ ತುಂಬಲೇಬೇಕು, ಏಕೆಂದರೆ ಬೋಟಿಗೆ ನೀರು ನುಗ್ಗಿದ ದಿನ ಅದನ್ನು ತೇಲಿಸಿಡುವುದು ಅದೇ.

ಈ ಮೂರೂ ಗೊತ್ತಾದ ಮೇಲೆ ಕುಳಿತು ಯೋಚಿಸಿ. ನೆಲ ಮಾತ್ರ ಹೋಗಿದ್ದರೆ ಕಣ್ಣು ಮುಚ್ಚಿ ಮುಂದುವರಿಯಿರಿ. ಟ್ರಾನ್ಸಮ್, ಸ್ಟ್ರಿಂಗರ್, ಫೋಮ್ ಮೂರೂ ಹೋಗಿ, ಎಂಜಿನ್ನೂ ಜಾಮ್ ಆಗಿದ್ದರೆ, ಮನೆ ಕೆಲಸ ಮುಗಿಯುವವರೆಗೆ ಅದನ್ನು ಒಣಗಿಸಿ ಮುಚ್ಚಿಡಿ ಎಂದೇ ನಾನು ಹೇಳುವುದು. ಬೋಟು ಬೇಡ ಎನ್ನುತ್ತಿಲ್ಲ. ಆ ಕೆಲಸ ಬೇಡುವಷ್ಟು ಬಿಡುವಿನ ದಿನಗಳು ಈಗ ನಿಮ್ಮ ಬಳಿ ಇಲ್ಲ.

ಕೆಲಸಕ್ಕೆ ಇಳಿಯುತ್ತೀರಿ ಎಂದಾದರೆ, ಕತ್ತರಿಸುವ ಮೊದಲು ತಳದ ನೇರ ಪರೀಕ್ಷಿಸಿ. ಪ್ಲಾಸ್ಟರ್ ಎಳೆಯುವ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಹೇಗೂ ಮೇಸ್ತ್ರಿಯ ಬಳಿ ಇರುತ್ತದೆ. ಅದನ್ನು ಬೋಟಿನ ತಳಕ್ಕೆ, ಹಿಂಬದಿಯಿಂದ ಮುಂದಕ್ಕೆ ಒಂದೂವರೆ ಮೀಟರಿನಷ್ಟು, ಒತ್ತಿ ಹಿಡಿದು ನೋಡಿ. ಅಲ್ಲಿ ತಳ ನೇರವಾಗಿರಬೇಕು. ಹಿಂಬದಿಯಲ್ಲಿ ತಳ ಕೆಳಮುಖವಾಗಿ ಬಾಗಿ, ನಡುವೆ ಸಂದು ಕಂಡರೆ ಬೋಟು ವೇಗದಲ್ಲಿ ಮೂಗು ತಗ್ಗಿಸಿ ನೀರು ತಳ್ಳುತ್ತದೆ. ಹಿಂಬದಿ ಮೇಲಕ್ಕೆ ಬಾಗಿದ್ದರೆ ಮೂಗು ಎದ್ದೆದ್ದು ಬೀಳುತ್ತದೆ. ತಳಕ್ಕೆ ಈ ನೇರ ಕೊಡುವವು ಸ್ಟ್ರಿಂಗರ್‌ಗಳೇ. ಆದ್ದರಿಂದ ಅವುಗಳನ್ನು ತೆಗೆಯುವ ಮೊದಲು ಬೋಟಿನ ಕೆಳಗೆ ತಳದ ಆಕಾರಕ್ಕೇ ಕತ್ತರಿಸಿದ ಆಸರೆಗಳು ಬೇಕು. ಟ್ರೇಲರಿನ ಎರಡು ರೋಲರ್ ಮೇಲೆ ಕೂರಿಸಿ ಒಳಗಿನದ್ದೆಲ್ಲ ಕಿತ್ತರೆ ತಳ ಅಲ್ಲಲ್ಲೇ ಗುಳಿ ಬೀಳುತ್ತದೆ, ಆಮೇಲೆ ನೀವು ಹಾಕುವ ಹೊಸ ಸ್ಟ್ರಿಂಗರ್ ಆ ಗುಳಿಯನ್ನೇ ಶಾಶ್ವತ ಮಾಡುತ್ತದೆ. ಒಂದು ಬದಿ ತೆಗೆದು, ಕೂರಿಸಿ, ಗಟ್ಟಿಯಾದ ಮೇಲೆ ಇನ್ನೊಂದು ಬದಿ. ಬೋಟು ಅಡ್ಡಡ್ಡ ಮಟ್ಟವಾಗಿದೆಯೇ ನೋಡಲು ಟ್ಯೂಬ್ ಲೆವೆಲ್‌ಗಿಂತ ಒಳ್ಳೆಯ ಸಾಧನವಿಲ್ಲ.

ಸಮಯ ಹೊಂದಿಸುವ ಗುಟ್ಟು ಇಲ್ಲಿದೆ: ಎರಡೂ ಕಡೆ ಕಾಯುವ ದಿನಗಳಿವೆ. ಕೋಣೆಗೆ ತಾರಸಿ ಹಾಕಿದ ಮೇಲೆ ಕನಿಷ್ಠ 7 ದಿನ ಕ್ಯೂರಿಂಗ್ ಆಗಬೇಕು. ಕಾಂಕ್ರೀಟಿನ ಬಲವನ್ನು ಲೆಕ್ಕ ಹಾಕುವುದೇ 28ನೇ ದಿನಕ್ಕೆ. ಪ್ಲಾಸ್ಟರ್ ಪೂರ್ತಿ ಒಣಗದೆ ಬಣ್ಣ ಹೊಡೆಯುವಂತಿಲ್ಲ. ಆ ಅವಧಿಯೇ ಬೋಟಿನದು. ಇತ್ತ ಟ್ರಾನ್ಸಮಿನ ಕೊಳೆತ ಮರವನ್ನೆಲ್ಲ ಕೆರೆದು ತೆಗೆದ ಮೇಲೆ ಹೊರಪದರ ಒಣಗಲು ವಾರಗಳೇ ಬೇಕು. ಅವಸರ ಮಾಡಿದರೆ ಹೊಸ ಮರ ಒದ್ದೆ ಪದರಕ್ಕೆ ಅಂಟುವುದೇ ಇಲ್ಲ. ಆ ವಾರಗಳಲ್ಲಿ ನೀವು ನಿಶ್ಚಿಂತೆಯಾಗಿ ಕೋಣೆಯ ಬಾಗಿಲು ಕೂರಿಸಬಹುದು. ಇಂಥ ನಿಲುಗಡೆ ಬೋಟಿಗೂ ಒಳ್ಳೆಯದೇ. ನಿಲ್ಲಿಸಬಾರದ ಜಾಗ ಒಂದೇ: ಪ್ಲೈವುಡ್‌ಗೆ ಎಪಾಕ್ಸಿ ಹಚ್ಚಿದ ಗಳಿಗೆಯಿಂದ ಅದರ ಮೇಲಿನ ಫೈಬರ್ ಪದರ ಪೂರ್ತಿಯಾಗುವವರೆಗೆ. ಆ ದಿನ ಮೇಸ್ತ್ರಿ ಕರೆದರೂ ಹೋಗಬೇಡಿ, ಸಿಮೆಂಟ್ ಲೋಡು ಬಂದರೆ ಬೇರೆ ಯಾರಾದರೂ ಇಳಿಸಿಕೊಳ್ಳಲಿ.

ಆ ದಿನ ಹೀಗಿರುತ್ತದೆ. ಹಿಂದಿನ ದಿನವೇ ಹಳೆಯ ಪದರದ ಅಂಚನ್ನು 36 ಅಥವಾ 40ರ ಒರಟು ಸ್ಯಾಂಡಿಂಗ್ ಡಿಸ್ಕಿನಲ್ಲಿ 12ಕ್ಕೆ 1ರ ಓರೆಗೆ ಸವೆಸಿರುತ್ತೀರಿ. ಪದರ 5 ಮಿ.ಮೀ. ಇದ್ದರೆ ಓರೆ 60 ಮಿ.ಮೀ. ಅಗಲ. ಫೈಬರ್‌ಗ್ಲಾಸ್ ಬಟ್ಟೆಯನ್ನೆಲ್ಲ ಅಳತೆಗೆ ಕತ್ತರಿಸಿ, ಕ್ರಮವಾಗಿ ನಂಬರು ಹಾಕಿ ಇಟ್ಟಿರುತ್ತೀರಿ. ಎಪಾಕ್ಸಿಯಲ್ಲಿ ರೆಸಿನ್ನಿಗೂ ಹಾರ್ಡ್‌ನರ್‌ಗೂ ಡಬ್ಬಿಯ ಮೇಲೆ ಬರೆದ ಪ್ರಮಾಣವೇ ಪ್ರಮಾಣ. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್‌ನರ್ ಜಾಸ್ತಿ ಸುರಿದರೆ ಅದು ಎಂದಿಗೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಳೆಯ ಬೋಟುಗಳ ಫೈಬರ್‌ಗ್ಲಾಸಿಗೆ ಸಾಮಾನ್ಯವಾಗಿ ಬಳಸಿರುವ ಪಾಲಿಯೆಸ್ಟರ್ ರೆಸಿನ್ ಬೇರೆ ಜಾತಿ, ಅದಕ್ಕೆ ಶೇ. 1ರಿಂದ 2ರಷ್ಟು ಕ್ಯಾಟಲಿಸ್ಟ್ ಸಾಕು, ಸ್ವಲ್ಪ ಹೆಚ್ಚುಕಡಿಮೆ ಮಾಡಿ ವೇಗ ಬದಲಿಸಬಹುದು. ಎರಡರ ಅಭ್ಯಾಸವನ್ನು ಬೆರೆಸಬೇಡಿ. ಕಲಸಿದ ಎಪಾಕ್ಸಿಯನ್ನು ಮಗ್ಗಿನಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಹೊಗೆಯಾಡುತ್ತದೆ. ಅಗಲ ತಟ್ಟೆಗೆ ಸುರಿದರೆ ಕೆಲಸಕ್ಕೆ ಹೆಚ್ಚು ಹೊತ್ತು ಸಿಗುತ್ತದೆ. ಬಿಸಿಲು ಏರಿದಷ್ಟೂ ಆ ಹೊತ್ತು ಕುಗ್ಗುತ್ತದೆ, 10 ಡಿಗ್ರಿ ಏರಿದರೆ ಸುಮಾರು ಅರ್ಧದಷ್ಟು. ಮುಂಜಾನೆ ಶುರುಮಾಡಿ. ಒಂದು ಪದರ ಇನ್ನೂ ಜಿಗುಟಾಗಿರುವಾಗಲೇ ಮುಂದಿನದನ್ನು ಹಾಕಿದರೆ ಎರಡೂ ಒಂದೇ ಆಗುತ್ತವೆ. ರಾತ್ರಿ ದಾಟಿದರೆ ಮೇಲ್ಮೈಗೆ ಮೇಣದಂಥ ಜಿಡ್ಡು ಬಂದಿರುತ್ತದೆ. ಅದನ್ನು ನೀರು ಹಾಕಿ ಉಜ್ಜಿ ತೊಳೆದು, ಆಮೇಲೆ ಸ್ಯಾಂಡ್‌ಪೇಪರ್ ಹಿಡಿಯಬೇಕು. ತೊಳೆಯದೆ ಉಜ್ಜಿದರೆ ಜಿಡ್ಡು ಗೀರುಗಳೊಳಗೇ ಕೂರುತ್ತದೆ. ಇನ್ನೊಂದು ಮಾತು: ಹಳೆಯ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಹಾಗೆ ಹಿಡಿಯುವುದಿಲ್ಲ. ಒಮ್ಮೆ ಎಪಾಕ್ಸಿಗೆ ಹೋದರೆ ಅಲ್ಲೇ ಉಳಿಯಿರಿ. ಬಟ್ಟೆ ಕೊಳ್ಳುವಾಗ ಕತ್ತರಿಸಿದ ಎಳೆಗಳ ಮ್ಯಾಟ್ ಬೇಡ, ನೇಯ್ದ ಅಥವಾ ಹೊಲಿದ ಬಟ್ಟೆ ಇರಲಿ. ಆ ಮ್ಯಾಟ್‌ಗಳಲ್ಲಿ ಹೆಚ್ಚಿನವುಗಳ ಎಳೆಗಳನ್ನು ಹಿಡಿದಿಟ್ಟ ಅಂಟು ಕರಗುವುದು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಎಂಬ ದ್ರಾವಕದಲ್ಲಿ, ಎಪಾಕ್ಸಿಯಲ್ಲಿ ಅಲ್ಲ.

ಮನೆಯಲ್ಲಿ ಉಳಿದ ಸಾಮಾನಿನ ವಿಷಯಕ್ಕೆ ಬರುತ್ತೇನೆ, ನಿಮ್ಮ ಜೇಬು ಉಳಿಯುವುದೂ ಕೆಡುವುದೂ ಅಲ್ಲೇ. ಪೀಠೋಪಕರಣದ ಪ್ಲೈವುಡ್ ಬೇಡ. ಅದರ ಅಂಟು ಒದ್ದೆ ತಡೆಯುವುದಿಲ್ಲ, ಒಳಪದರಗಳಲ್ಲಿ ಪೊಳ್ಳುಗಳಿರುತ್ತವೆ. ಪೊಳ್ಳಿನಲ್ಲಿ ನೀರು ನಿಂತರೆ ಮತ್ತೆ ಅದೇ ಕಥೆ. ಬಿಎಸ್ 1088 ದರ್ಜೆಯ ಮರೈನ್ ಪ್ಲೈವುಡ್ಡೇ ತನ್ನಿ, ಎಪಾಕ್ಸಿ ಹಚ್ಚುವಾಗ ಅದರ ತೇವ ಶೇ. 12ಕ್ಕಿಂತ ಕಡಿಮೆ ಇರಲಿ. ಜಿಪ್ಸಂ ಹಲಗೆಗೆ ಹೊಡೆಯುವ ಕಪ್ಪು ಸ್ಕ್ರೂ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ; 316 ದರ್ಜೆಯ ಸ್ಟೇನ್‌ಲೆಸ್ ಬೇಕು, ಪ್ರತಿ ತೂತಿಗೂ ಸೀಲೆಂಟ್ ತುಂಬಿ ಹಾಕಬೇಕು. ಬಚ್ಚಲಿಗೆ ತಂದ ಸಿಲಿಕೋನ್ ಬೋಟಿನ ಹತ್ತಿರವೂ ಸುಳಿಯದಿರಲಿ. ಅದು ತಾಗಿದ ಜಾಗಕ್ಕೆ ಬಣ್ಣ ಹಿಡಿಯುವುದಿಲ್ಲ, ಕೆರೆದರೂ ಅಂಶ ಉಳಿಯುತ್ತದೆ. ನಲ್ಲಿ ಕೆಲಸದ ಹಿತ್ತಾಳೆ ವಾಲ್ವು ನೀರಿನ ಮಟ್ಟದ ಕೆಳಗೆ ಖಂಡಿತ ಸಲ್ಲದು. ಉಪ್ಪುನೀರಿನಲ್ಲಿ ಹಿತ್ತಾಳೆಯೊಳಗಿನ ಸತು ಕರಗಿ, ಉಳಿದದ್ದು ಕೈಯಲ್ಲಿ ಪುಡಿಯಾಗುವಷ್ಟು ಸಡಿಲವಾಗುತ್ತದೆ; ಅಲ್ಲಿ ಕಂಚು ಬೇಕು, ಇಲ್ಲವೇ ಅದಕ್ಕೆಂದೇ ಮಾಡಿದ ಬಲವರ್ಧಿತ ಪ್ಲಾಸ್ಟಿಕ್. ಚೌಕಟ್ಟಿನ ಸಂದಿಗೆ ತುಂಬುವ ಸ್ಪ್ರೇ ಫೋಮ್ ಕಾಲಕ್ರಮೇಣ ನೀರು ಹೀರುತ್ತದೆ, ಥರ್ಮೋಕೋಲ್ ಪೆಟ್ರೋಲ್ ತಾಗಿದರೆ ಕರಗಿಹೋಗುತ್ತದೆ. ಎರಡು ದ್ರವ ಬೆರೆಸಿ ಸುರಿಯುವ ಮರೈನ್ ಫೋಮ್ ಮಾತ್ರ ತುಂಬಿ. ಹಾಗಾದರೆ ಏನು ಆಗುತ್ತದೆ? ಗ್ರೈಂಡರ್, ಕ್ಲಾಂಪುಗಳು, ಸಾರುವೆ, ಮಾಪನದ ಸಾಧನಗಳು. ಸಾಮಾನಿಗಿಂತ ಹತಾರ ಹಂಚಿಕೊಳ್ಳಿ.

ಅಪಾಯಗಳ ಬಗ್ಗೆ ಉದ್ದ ಉಪನ್ಯಾಸ ಕೊಡುವುದಿಲ್ಲ, ಆದರೆ ಮನೆ ಕೆಲಸ ಪಕ್ಕದಲ್ಲೇ ನಡೆಯುವುದರಿಂದ ಬರುವ ಕೆಲವನ್ನು ಹೇಳದೆ ಬಿಡಲಾರೆ. ನಿಮ್ಮ ಶೆಡ್ಡಿಗೆ ವೆಲ್ಡಿಂಗ್ ಇದ್ದೇ ಇರುತ್ತದೆ. ಬೋಟಿನ ಹಳೆಯ ಪೆಟ್ರೋಲ್ ಟ್ಯಾಂಕನ್ನು ಖಾಲಿ ಮಾಡಿದ್ದೇನೆ ಎಂದು ಅದರ ಪಕ್ಕ ನಿಲ್ಲಿಸಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಹೆಚ್ಚು ಅಪಾಯ, ಒಳಗೆಲ್ಲ ಆವಿಯೇ ತುಂಬಿರುತ್ತದೆ. ಟ್ಯಾಂಕನ್ನು ಬಿಚ್ಚಿ ದೂರವಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಬಾಗಿಲಿಗೆ ಅಗಸೆ ಎಣ್ಣೆ ಉಜ್ಜಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಹೊತ್ತಿಕೊಳ್ಳಬಲ್ಲದು. ರೆಸಿನ್, ಅಸಿಟೋನ್ ಇರುವ ಜಾಗದಲ್ಲಂತೂ ಅಪಾಯ ಇನ್ನೂ ಹೆಚ್ಚು. ಅದನ್ನು ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಿನ ಡಬ್ಬಿಯಲ್ಲಿ ಮುಳುಗಿಸಿಡಿ. ಫೈಬರ್ ಉಜ್ಜುವಾಗ ತೊಟ್ಟ ಬಟ್ಟೆಯಲ್ಲೇ ಮನೆಯೊಳಗೆ ಹೋಗಬೇಡಿ. ತಳದಲ್ಲಿ ಪಾಚಿ ತಡೆಯುವ ಹಳೆಯ ಬಣ್ಣವಿದ್ದರೆ ಒಣಗಿದ್ದಾಗ ಉಜ್ಜಲೇಬಾರದು. ಆ ಕಾಲದ ಇಂಥ ಬಣ್ಣಗಳಲ್ಲಿ ತವರದ ವಿಷಕಾರಿ ಸಂಯುಕ್ತ ಬಳಕೆಯಲ್ಲಿತ್ತು. ಹಡಗು, ಬೋಟುಗಳಿಗೆ ಅದನ್ನು ನಿಷೇಧಿಸುವ ಅಂತಾರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಯಿತು, ಜಾರಿಗೆ ಬಂದದ್ದು 2008ರಲ್ಲಿ. ಒದ್ದೆ ಮಾಡಿ ಕೆರೆದು, ಕೆರೆದದ್ದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಿಡಿಯಿರಿ.

ಎಂಜಿನ್: ಮನೆ ಮುಗಿಯುವವರೆಗೆ ಬಿಚ್ಚಬೇಡಿ. ಪ್ಲಗ್ ತೆಗೆದು, ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಕೆಲವು ದಿನ ಬಿಟ್ಟು ಫ್ಲೈವೀಲನ್ನು ಕೈಯಿಂದ ತಿರುಗಿಸಿ ನೋಡಿ. ತಿರುಗಿದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ಅಳೆಯಿರಿ. ಅಂಕಿ ಎಷ್ಟು ಎನ್ನುವುದಕ್ಕಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ, ಅದು ಶೇ. 10ರೊಳಗಿದ್ದರೆ ಒಳ್ಳೆಯ ಸೂಚನೆ. ಕೆಳಗಿನ ಗೇರ್ ಆಯಿಲಿನ ಸ್ಕ್ರೂ ಸಡಿಲಿಸಿ; ಎಣ್ಣೆ ಬೆಳ್ಳಗೆ ನೊರೆನೊರೆಯಾಗಿ ಬಂದರೆ ಸೀಲು ಹೋಗಿ ನೀರು ಹೊಕ್ಕಿದೆ. ಶುರು ಮಾಡಿ ನೋಡುವ ಆಸೆ ಬರುತ್ತದೆ, ಆದರೆ ನೀರಿನ ಪಂಪಿನ ರಬ್ಬರ್ ಇಂಪೆಲರ್ ಬದಲಿಸದೆ, ಪೈಪಿನಲ್ಲಿ ನೀರು ಕೊಡದೆ ಕೆಲವು ಸೆಕೆಂಡೂ ಓಡಿಸಬೇಡಿ. ವರ್ಷಗಟ್ಟಲೆ ನಿಂತ ಇಂಪೆಲರಿನ ರೆಕ್ಕೆಗಳು ಬಾಗಿದಲ್ಲೇ ಗಟ್ಟಿಯಾಗಿರುತ್ತವೆ. ಪೆಟ್ರೋಲಿಗೆ ಎಣ್ಣೆ ಬೆರೆಸುವಾಗ ಬೈಕಿನದ್ದು ಬೇಡ, ಟಿಸಿ-ಡಬ್ಲ್ಯು3 ಎಂದು ಬರೆದಿರುವುದು ಬೇಕು. ಪ್ರಮಾಣ ಎಂಜಿನ್ನಿನ ಕೈಪಿಡಿಯಲ್ಲಿ ಇದ್ದಂತೆ. ಹಳೆಯ ಪೆಟ್ರೋಲ್ ಪೈಪು ಎಷ್ಟು ಚೆನ್ನಾಗಿ ಕಂಡರೂ ಎಸೆಯಿರಿ.

ಬಣ್ಣದ ಬಗ್ಗೆ ಎರಡೇ ಮಾತು. ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ಬಣ್ಣದ ಹೊಳಪು ಕಂಡು ಮನಸೋಲಬೇಡಿ. ಅದರಲ್ಲಿ ಉಸಿರಾಟಕ್ಕೆ ಹಾನಿ ಮಾಡುವ ಐಸೊಸಯನೇಟ್ ಇರುತ್ತದೆ, ಸ್ಪ್ರೇ ಮಾಡಲು ಹೊರಗಿನ ಶುದ್ಧ ಗಾಳಿ ಒದಗಿಸುವ ಮುಖವಾಡ ಬೇಕು, ಮನೆಗೆ ಅಂಟಿದ ಜಾಗದಲ್ಲಿ ಅದು ಸಲ್ಲದು. ಒಂದೇ ಡಬ್ಬಿಯ ಮರೈನ್ ಬಣ್ಣವನ್ನು ರೋಲರಿನಲ್ಲಿ ಹಚ್ಚಿ, ಹಿಂದೆಯೇ ಒಣ ಬ್ರಷ್ಷಿನ ತುದಿ ಆಡಿಸಿದರೆ ದೂರಕ್ಕೆ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಪಕ್ಕದಲ್ಲಿ ಸಿಮೆಂಟ್ ಕಲಸುವ, ಮರ ಕೊಯ್ಯುವ ದಿನ ಮಾತ್ರ ಬಣ್ಣದ ಡಬ್ಬಿ ತೆರೆಯಬೇಡಿ.

ಕೊನೆಗೆ ಮಗ. ರೆಸಿನ್ನಿನಿಂದ ಅವನನ್ನು ದೂರವಿಡಿ. ಎಪಾಕ್ಸಿ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಹುಟ್ಟುತ್ತದೆ, ಹುಟ್ಟಿದ ಮೇಲೆ ಅದು ಜೀವನಪೂರ್ತಿ ಉಳಿಯಬಹುದು. ಗ್ರೈಂಡರೂ ಬೇಡ. ಬಿಚ್ಚುವ ಮೊದಲು ಪ್ರತಿಯೊಂದರ ಫೋಟೊ, ಪ್ರತಿ ಡಬ್ಬಿಗೂ ಚೀಟಿ ಅವನ ಜವಾಬ್ದಾರಿಯಾಗಲಿ, ನಿಮಗಿಂತ ಶಿಸ್ತಾಗಿ ಮಾಡುತ್ತಾನೆ. ಆಮೇಲೆ ವೈರಿಂಗ್ ಪೂರ್ತಿ ಅವನಿಗೇ ಕೊಡಿ, 12 ವೋಲ್ಟಿನ ಕೆಲಸ ಕಲಿಯಲು ಚೆನ್ನ. ಬ್ಯಾಟರಿಯನ್ನು ಮಾತ್ರ ಎಲ್ಲ ಮುಗಿದ ಮೇಲೆ ನೀವೇ ಜೋಡಿಸಿ, ಶಾರ್ಟ್ ಆದರೆ 12 ವೋಲ್ಟೂ ಬೆಂಕಿ ಹಚ್ಚುತ್ತದೆ. ಮನೆಯ ಗೋಡೆಯೊಳಗೆ ಎಳೆಯುವ ಗಟ್ಟಿ ತಂತಿಯ ವೈರು ಅಲುಗಾಟಕ್ಕೆ ಮುರಿಯುತ್ತದೆ. ತವರ ಲೇಪಿಸಿದ, ಸಣ್ಣ ಎಳೆಗಳ ತಾಮ್ರದ ವೈರು ತಂದುಕೊಡಿ. ಕೂಡುವಲ್ಲಿ ಹೊಸೆದು ಟೇಪು ಸುತ್ತುವ ಅಭ್ಯಾಸ ಇಲ್ಲಿ ನಡೆಯದು. ಕ್ರಿಂಪ್ ಮಾಡಿ, ಅಂದರೆ ತುದಿಗಳನ್ನು ಲೋಹದ ಕನೆಕ್ಟರಿನಲ್ಲಿಟ್ಟು ಒತ್ತಿ, ಒಳಮೈಗೆ ಅಂಟು ಬಳಿದಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ) ಕೊಳವೆ ಹಾಕಿ ಬಿಸಿ ಮಾಡಿದರೆ ನೀರು ಹೊಗುವುದಿಲ್ಲ. ಬ್ಯಾಟರಿಯ ಪಾಸಿಟಿವ್‌ನಿಂದ 18 ಸೆಂ.ಮೀ. ಒಳಗೆ ಮುಖ್ಯ ಫ್ಯೂಸ್ ಇರಲಿ. ಒಳಗೆ ಪೆಟ್ರೋಲ್ ಇರುವ ಜಾಗದಲ್ಲಿ ಕಿಡಿ ಹೊರಬಾರದಂಥ ಮರೈನ್ ಸ್ವಿಚ್ಚುಗಳನ್ನೇ ಹಾಕಿಸಿ, ಕಾರಿನವು ಬೇಡ. ತಳದ ನೀರೆತ್ತುವ ಪಂಪಿಗೂ ದಾರಿದೀಪಗಳಿಗೂ ವೈರು ಎಷ್ಟು ದಪ್ಪವಿರಬೇಕು ಎಂದು ಅವನೇ ಲೆಕ್ಕ ಹಾಕಲಿ: ಹೋಗಿ ಬರುವ ಪೂರ್ತಿ ಉದ್ದಕ್ಕೆ ವೋಲ್ಟೇಜ್ ನಷ್ಟ ಶೇ. 3 ದಾಟಬಾರದು. ಬ್ಯಾಟರಿ ಜೋಡಿಸುವ ಮೊದಲು ಆ ಲೆಕ್ಕವನ್ನೂ ಪ್ರತಿ ಜೋಡಣೆಯನ್ನೂ ನೀವೊಮ್ಮೆ ನೋಡಿ.